ದೊಡ್ಡ ವಿದ್ಯುತ್ ಕ್ಯಾಟಮರಾನ್ ಕಟ್ಟುವ ಮುನ್ನ ಕಾಗದದ ಮೇಲೆ ಮಾಡಬೇಕಾದ ಲೆಕ್ಕ

ಸಿದ್ಧವಾಗಿ ಸಿಗುವ ಸಣ್ಣ ರೇಡಿಯೋ ದೋಣಿಯನ್ನು ಓಡಿಸಲು ಬ್ಯಾಟರಿ ಚಾರ್ಜ್ ಮಾಡುವಷ್ಟು ತಿಳಿದಿದ್ದರೆ ಸಾಕು. ಅದರಲ್ಲಿ ಕೈಪಳಗಿದವರು ಒಂದಲ್ಲ ಒಂದು ದಿನ ಒಂದು ಮೀಟರ್ ಉದ್ದದ ಕ್ಯಾಟಮರಾನನ್ನು ತಾವೇ ಕಟ್ಟಲು ಹೊರಡುತ್ತಾರೆ. ಆಗ ಎದುರಾಗುವುದು ಸಂಖ್ಯೆಗಳ ಗೋಡೆ. ಮೋಟರ್ ಮೇಲೆ ಕೆವಿ, ಬ್ಯಾಟರಿ ಮೇಲೆ ಎಸ್ ಮತ್ತು ಸಿ, ವೇಗ ನಿಯಂತ್ರಕದ ಮೇಲೆ ಆಂಪಿಯರ್, ಪ್ರೊಪೆಲ್ಲರ್ ಮೇಲೆ ಏನೋ ಒಂದು ಮೂರಂಕಿ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಕೊಂಡರೆ ಎಲ್ಲವೂ ಒಳ್ಳೆಯ ಸಾಮಾನೇ ಆಗಿರಬಹುದು, ಒಟ್ಟಿಗೆ ಸೇರಿದಾಗ ಮೊದಲ ನಿಮಿಷದಲ್ಲೇ ಯಾವುದಾದರೊಂದು ಸುಟ್ಟುಹೋಗಬಹುದು. ಕಾರಣ, ಇವೆಲ್ಲ ಒಂದೇ ಲೆಕ್ಕದ ಕೊಂಡಿಗಳು. ಒಂದು ಸಂಖ್ಯೆ ಬದಲಾದರೆ ಉಳಿದವೂ ಬದಲಾಗಬೇಕು. ಆ ಲೆಕ್ಕ ಕಷ್ಟದ್ದಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಆದರೆ ಮೊದಲ ಬಿಡಿಭಾಗ ಕೊಳ್ಳುವ ಮುನ್ನವೇ ಅದು ಮುಗಿದಿರಬೇಕು.

ಎರಡು ಒಡಲು, ನಡುವೆ ಗಾಳಿ

ಕ್ಯಾಟಮರಾನ್‌ಗೆ ಅಕ್ಕಪಕ್ಕ ಎರಡು ತೆಳುವಾದ ಒಡಲುಗಳು, ಅವುಗಳನ್ನು ಕೂಡಿಸುವ ಮೇಲ್ಮೈ, ಅದರ ಕೆಳಗೆ ಮುಂದಿನಿಂದ ಹಿಂದಿನವರೆಗೆ ತೆರೆದ ಒಂದು ಸುರಂಗ ಇರುತ್ತದೆ. ದೋಣಿ ನಿಧಾನವಾಗಿ ಸಾಗುವಾಗ ನೀರಿನಲ್ಲಿ ಮುಳುಗಿದ ಭಾಗವೇ ಅದನ್ನು ತೇಲಿಸುತ್ತದೆ. ವೇಗ ಹೆಚ್ಚಿದಾಗ ಒಡಲುಗಳು ನೀರಿನ ಮೇಲೇರಿ ಜಾರತೊಡಗುತ್ತವೆ. ಇನ್ನೂ ವೇಗ ಬಂದರೆ ಸುರಂಗಕ್ಕೆ ನುಗ್ಗಿದ ಗಾಳಿ ಮೇಲಕ್ಕೆ ಒತ್ತಿ ದೋಣಿಯ ತೂಕದ ಒಂದು ಪಾಲನ್ನು ತಾನೇ ಹೊರುತ್ತದೆ. ನೀರಿಗೆ ತಾಗುವ ಮೈ ಕಡಿಮೆಯಾದಷ್ಟೂ ತಡೆ ಕಡಿಮೆ. ಅದೇ ಶಕ್ತಿಯಲ್ಲಿ ಒಂಟಿ ಒಡಲಿನ ದೋಣಿಗಿಂತ ಕ್ಯಾಟಮರಾನ್ ಮುಂದೆ ಹೋಗುವುದು ಇದರಿಂದ.

ಅಪಾಯವೂ ಇದೇ ಗಾಳಿಯಲ್ಲಿದೆ. ಗಾಳಿಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ದುಪ್ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ಸಣ್ಣ ಅಲೆಯೊಂದು ಮೂತಿಯನ್ನು ಎತ್ತಿತೆಂದರೆ ಸುರಂಗದೊಳಗೆ ಇನ್ನಷ್ಟು ಗಾಳಿ ನುಗ್ಗಿ, ಮೂತಿ ಇನ್ನೂ ಮೇಲೆದ್ದು, ದೋಣಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಕೆಲವು ಒಂಟಿ ಒಡಲಿನ ದೋಣಿಗಳು ಒಂದು ಬದಿಯ ಕೋಣೆಗೆ ನೀರು ತುಂಬಿಕೊಂಡು ತಾವೇ ನೇರವಾಗುತ್ತವೆ. ಅಗಲವಾದ ಕ್ಯಾಟಮರಾನ್ ಮಗುಚಿದರೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ, ಯಾರಾದರೂ ಹೋಗಿ ತರಬೇಕು. ಹಾಗಾಗಿ ಯೋಜನೆಯ ಮೊದಲ ಪ್ರಶ್ನೆ ನೀರಿನದು: ಓಡಿಸುವ ಕೆರೆ ಅಥವಾ ಕೊಳ ಎಷ್ಟು ದೊಡ್ಡದು, ಅಲೆ ಎಷ್ಟು, ಕೆಟ್ಟು ನಿಂತ ದೋಣಿಯನ್ನು ದಡಕ್ಕೆ ತರುವ ದಾರಿ ಏನು? ಗಂಟೆಗೆ 80 ಕಿಲೋಮೀಟರ್ ವೇಗದ ದೋಣಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ನೂರು ಮೀಟರ್ ಉದ್ದದ ಕೊಳದಲ್ಲಿ ಅದಕ್ಕೆ ಐದು ಸೆಕೆಂಡಿನ ಜಾಗವೂ ಇರುವುದಿಲ್ಲ.

ಉದ್ದ ಹೆಚ್ಚಿದಂತೆ ಬದಲಾಗುವುದೇನು

70 ಸೆಂಟಿಮೀಟರ್ ದೋಣಿಯನ್ನು ಒಂದು ಮೀಟರಿಗೆ ಹಿಗ್ಗಿಸಿದರೆ ಉದ್ದ ಹೆಚ್ಚುವುದು ಒಂದೂವರೆ ಪಟ್ಟಿಗಿಂತ ಕಡಿಮೆ. ಅಗಲ ಮತ್ತು ಎತ್ತರಗಳೂ ಅದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಗಾತ್ರ ಸುಮಾರು ಮೂರು ಪಟ್ಟಾಗುತ್ತದೆ, ತೂಕವೂ ಹೆಚ್ಚುಕಡಿಮೆ ಅದನ್ನೇ ಹಿಂಬಾಲಿಸುತ್ತದೆ. ದೊಡ್ಡ ದೋಣಿ ಎಂದರೆ ಸಣ್ಣ ದೋಣಿಯ ಸಾಮಾನನ್ನೇ ಸ್ವಲ್ಪ ದೊಡ್ಡದಾಗಿ ಕೊಂಡುಬಿಡುವುದು ಎಂಬ ಎಣಿಕೆ ತಪ್ಪುವುದು ಇಲ್ಲಿಯೇ.

ಅಪಾಯದ ಲೆಕ್ಕವನ್ನೂ ಇಲ್ಲೇ ಮಾಡಿಕೊಳ್ಳಬೇಕು. ತೂಕ ಎರಡು ಪಟ್ಟು, ವೇಗವೂ ಎರಡು ಪಟ್ಟು ಆದರೆ ಢಿಕ್ಕಿಯ ಶಕ್ತಿ ಎಂಟು ಪಟ್ಟಾಗುತ್ತದೆ. ಈಜುವವರು, ಹಕ್ಕಿಗಳು, ಮೀನು ಹಿಡಿಯುವವರು ಇರುವ ನೀರು ಈ ದೋಣಿಗೆ ತಕ್ಕದ್ದಲ್ಲ. ಇದರಲ್ಲಿ ರಾಜಿ ಇರಬಾರದು.

ಮುಂದಿನ ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಒಂದು ಮೀಟರ್ ಉದ್ದ, ಬ್ಯಾಟರಿ ಸಮೇತ ಐದು ಕಿಲೋ ತೂಕ, ಒಂದೇ ಮೋಟರ್. ಒಡಲನ್ನು ತೆಳು ಪ್ಲೈವುಡ್‌ನಲ್ಲಿ ಕಟ್ಟಿ ಒಳಗೆ ಹೊರಗೆ ಗಾಜಿನ ನಾರು ಮತ್ತು ಎಪಾಕ್ಸಿ ಹಾಕಬಹುದು, ಅಚ್ಚಿನಲ್ಲಿ ತೆಗೆದ ಗಾಜಿನ ನಾರಿನ ಒಡಲನ್ನೇ ಕೊಳ್ಳಲೂಬಹುದು. ಪೆಟ್ರೋಲ್ ಎಂಜಿನ್‌ಗೆಂದು ರೂಪಿಸಿದ ಒಡಲನ್ನು ವಿದ್ಯುತ್ತಿಗೆ ಬದಲಿಸುವವರೂ ಇದ್ದಾರೆ. ಆಗ ಎಂಜಿನ್ ಮತ್ತು ಟ್ಯಾಂಕಿನ ಜಾಗದಲ್ಲಿ ಬೇರೆ ತೂಕಗಳು ಬೇರೆ ಕಡೆ ಕೂರುವುದರಿಂದ ಸಮತೋಲದ ಲೆಕ್ಕವನ್ನು ಹೊಸದಾಗಿಯೇ ಮಾಡಬೇಕು.

ಲೆಕ್ಕ ಶುರುವಾಗುವುದು ಪ್ರೊಪೆಲ್ಲರ್‌ನಿಂದ

ಹೊಸಬರು ಮೊದಲು ಮೋಟರ್ ಆರಿಸುತ್ತಾರೆ. ಆರಿಸಬೇಕಾದುದು ಹಿಂದಿನ ತುದಿಯಿಂದ, ನೀರನ್ನು ನಿಜವಾಗಿ ತಳ್ಳುವ ಭಾಗದಿಂದ.

ವೇಗದ ಕ್ಯಾಟಮರಾನ್‌ಗಳಲ್ಲಿ ಪ್ರೊಪೆಲ್ಲರ್ ಅರ್ಧ ನೀರಿನೊಳಗೆ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಶಾಫ್ಟ್ ಮತ್ತು ಪ್ರೊಪೆಲ್ಲರ್‌ನ ನಡುಭಾಗ ನೀರಿನಲ್ಲಿ ಎಳೆದಾಡುವುದು ಇದರಿಂದ ತಪ್ಪುತ್ತದೆ. ಇಂಥ ಪ್ರೊಪೆಲ್ಲರ್‌ಗೆ ಎರಡು ಅಳತೆ ಮುಖ್ಯ. ಒಂದು ವ್ಯಾಸ. ಇನ್ನೊಂದು ಪಿಚ್: ಮರಕ್ಕೆ ತಿರುಗಿಸಿದ ಸ್ಕ್ರೂ ಒಂದು ಸುತ್ತಿಗೆ ಇಷ್ಟು ಎಂದು ಒಳಹೋಗುವಂತೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ಜಾರದೆ ಮುಂದೆ ಸಾಗಬಹುದಾದ ದೂರ. ಪ್ರಚಲಿತವಿರುವ ಒಂದು ಪದ್ಧತಿಯಲ್ಲಿ 445 ಎಂದು ಬರೆದಿದ್ದರೆ ಮೊದಲ 4 ಎಂದರೆ ಪಿಚ್ ವ್ಯಾಸದ 1.4 ಪಟ್ಟು, ಕೊನೆಯ 45 ಎಂದರೆ ವ್ಯಾಸ 45 ಮಿಲಿಮೀಟರ್. ಅಂದರೆ ಪಿಚ್ 63 ಮಿಲಿಮೀಟರ್.

ಮೋಟರಿನ ಕೆವಿ ಎಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ. ಅದಕ್ಕೂ ಶಕ್ತಿಗೂ ನೇರ ಸಂಬಂಧವಿಲ್ಲ. ಬ್ಯಾಟರಿಯ ಎಸ್ ಎಂದರೆ ಸರಣಿಯಲ್ಲಿ ಜೋಡಿಸಿದ ಕೋಶಗಳ ಸಂಖ್ಯೆ. ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಕೋಶವೊಂದರ ಹೆಸರಿನ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2. ಎಂಟು ಕೋಶ, ಅಂದರೆ 8 ಎಸ್, 29.6 ವೋಲ್ಟ್ ಕೊಡುತ್ತದೆ. 1000 ಕೆವಿ ಮೋಟರಿಗೆ ಇದನ್ನು ಜೋಡಿಸಿದರೆ ನಿಮಿಷಕ್ಕೆ 29,600 ಸುತ್ತು. ಈ ಗಾತ್ರದ ದೋಣಿಗೆ ಕಾಗದದ ಮೇಲಿನ ಲೆಕ್ಕ 30,000ದ ಆಸುಪಾಸಿನಲ್ಲಿ ನಿಂತರೆ ಒಳ್ಳೆಯ ಆರಂಭ.

ಈಗ ವೇಗ. 29,600 ಸುತ್ತನ್ನು 63 ಮಿಲಿಮೀಟರಿನಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 1,865 ಮೀಟರ್, ಗಂಟೆಗೆ 112 ಕಿಲೋಮೀಟರ್. ಇದು ಕಾಗದದ ವೇಗ. ಹೊರೆ ಬಿದ್ದಾಗ ಸುತ್ತುಗಳು ಇಳಿಯುತ್ತವೆ, ನೀರಿನಲ್ಲಿ ಪ್ರೊಪೆಲ್ಲರ್ ಒಂದಿಷ್ಟು ಜಾರುತ್ತದೆ. ಎರಡನ್ನೂ ಕಳೆದರೆ ಉಳಿಯುವುದು 80ರಿಂದ 90. ಮೊದಲ ದೋಣಿಗೆ ಇದು ಧಾರಾಳವಾಯಿತು.

ಒಂದು ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸುತ್ತುಗಳ ವೇಗ ಅಷ್ಟೇ ಇದ್ದು ಅದೇ ಆಕಾರದ ಪ್ರೊಪೆಲ್ಲರ್ ದೊಡ್ಡದಾದರೆ, ಅದು ಬೇಡುವ ಶಕ್ತಿ ವ್ಯಾಸದ ಐದನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 45ರ ಬದಲು 48 ಮಿಲಿಮೀಟರ್ ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಶಕ್ತಿಯ ಬೇಡಿಕೆ ಶೇಕಡ 38ರಷ್ಟು ಹೆಚ್ಚುತ್ತದೆ. ಸುತ್ತುಗಳ ಮಾತೂ ಹಾಗೆಯೇ. ಶಕ್ತಿಯ ಬೇಡಿಕೆ ಸುತ್ತುಗಳ ಘನಕ್ಕೆ ಅನುಗುಣ. ಅದೇ ಮೋಟರ್, ಅದೇ ಪ್ರೊಪೆಲ್ಲರ್ ಇಟ್ಟುಕೊಂಡು 8 ಎಸ್‌ನಿಂದ 10 ಎಸ್‌ಗೆ ಹೋದರೆ ಬೇಡಿಕೆ ಸುಮಾರು ಎರಡು ಪಟ್ಟಾಗುತ್ತದೆ. ‘ಇನ್ನೆರಡು ಕೋಶ ಸೇರಿಸಿದರೆ ಏನಾಗುತ್ತದೆ’ ಎಂದು ಕೇಳುವವರಿಗೆ ಉತ್ತರ ಇದು.

ವೋಲ್ಟ್ ಹೆಚ್ಚಿಸಿ, ಆಂಪಿಯರ್ ಇಳಿಸಿ

ವೋಲ್ಟ್ ಹೆಚ್ಚಿಸುವುದಾದರೆ ಕೆವಿಯನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕು. ಸುತ್ತುಗಳು ಅಷ್ಟೇ ಉಳಿದು, ಬ್ಯಾಟರಿಯಿಂದ ಎಳೆಯುವ ವಿದ್ಯುತ್ ಪ್ರವಾಹ ಮಾತ್ರ ಕಡಿಮೆಯಾಗುತ್ತದೆ. ದೊಡ್ಡ ದೋಣಿಗಳು ಹೆಚ್ಚು ಕೋಶಗಳನ್ನು ಬಳಸುವುದಕ್ಕೆ ಇದೇ ಮುಖ್ಯ ಕಾರಣ.

ನಮ್ಮ ಉದಾಹರಣೆಯ ದೋಣಿ ಗರಿಷ್ಠ ಎಳೆತದಲ್ಲಿ 4 ಕಿಲೋವ್ಯಾಟ್ ಬೇಡುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಕೋಶದ 14.8 ವೋಲ್ಟಿನಲ್ಲಿ ಅಷ್ಟು ಶಕ್ತಿಗೆ 270 ಆಂಪಿಯರ್ ಹರಿಯಬೇಕು. ಎಂಟು ಕೋಶದಲ್ಲಿ 135 ಸಾಕು. ಹತ್ತು ಕೋಶದಲ್ಲಿ 108. ತಂತಿ, ಕನೆಕ್ಟರ್, ಬ್ಯಾಟರಿಗಳಲ್ಲಿ ವ್ಯರ್ಥವಾಗುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ರವಾಹ ಅರ್ಧಕ್ಕಿಳಿದರೆ ಅದೇ ತಂತಿಯ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ದೋಣಿಯ ಮುಚ್ಚಿದ ಒಡಲಿನೊಳಗೆ ಗಾಳಿಯಾಡುವುದಿಲ್ಲ. ಅಲ್ಲಿ ಶಾಖವೇ ಮೊದಲ ಶತ್ರು.

ಮೋಟರಿನ ಹೆಸರಿನಲ್ಲಿರುವ ಅಂಕಿಗಳು ಸಾಮಾನ್ಯವಾಗಿ ಅದರ ಮೈಯಳತೆ. 4092 ಎಂದರೆ 40 ಮಿಲಿಮೀಟರ್ ವ್ಯಾಸ, 92 ಉದ್ದ. ಕೆವಿ ಒಂದೇ ಆಗಿದ್ದರೂ ದಪ್ಪ ಮೋಟರ್ ಹೆಚ್ಚು ಹೊತ್ತು ಹೆಚ್ಚು ಶಕ್ತಿಯನ್ನು ಬಿಸಿಯಾಗದೆ ಕೊಡಬಲ್ಲದು. ತೂಕ ತಡೆಯುವುದಾದರೆ ಒಂದು ಅಳತೆ ದೊಡ್ಡದನ್ನೇ ಆರಿಸುವುದು ಕ್ಷೇಮ.

ಓಟದ ಅವಧಿ ಎಷ್ಟು?

ಇದನ್ನು ಯೋಜಿಸುವಾಗಲೇ ತಿಳಿದುಕೊಳ್ಳದವರು ಆಮೇಲೆ ಬೇಸರಪಡುತ್ತಾರೆ. 5000 ಮಿಲಿಆಂಪಿಯರ್-ಗಂಟೆಯ ಎರಡು 4 ಎಸ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಎಸ್, ಸಾಮರ್ಥ್ಯ 5 ಆಂಪಿಯರ್-ಗಂಟೆ. ಲಿಪೋವನ್ನು ಬರಿದು ಮಾಡಬಾರದು, ಶೇಕಡ 80ರಷ್ಟು ಬಳಸಿ ನಿಲ್ಲಿಸುವುದು ವಾಡಿಕೆ. ಬಳಸಲು ಸಿಗುವುದು 4 ಆಂಪಿಯರ್-ಗಂಟೆ. ತಿರುವು ನೇರ ಎಲ್ಲ ಸೇರಿ ಸರಾಸರಿ 80 ಆಂಪಿಯರ್ ಹರಿದರೆ ಓಟ ಮೂರು ನಿಮಿಷ. ಅಷ್ಟೇ. ಇನ್ನೆರಡು ಬ್ಯಾಟರಿಗಳನ್ನು ಸಮಾಂತರವಾಗಿ ಸೇರಿಸಿದರೆ ಆರು ನಿಮಿಷದ ಹತ್ತಿರ ಹೋಗಬಹುದು, ಆದರೆ ಒಂದು ಕಿಲೋಗೂ ಮೀರಿದ ತೂಕ ಕೂಡುವುದರಿಂದ ಸರಾಸರಿ ಪ್ರವಾಹವೂ ಏರುತ್ತದೆ.

ಬ್ಯಾಟರಿಯ ಮೇಲಿನ ಸಿ ಎಂಬುದು ಪ್ರವಾಹದ ಮಿತಿ. 5 ಆಂಪಿಯರ್-ಗಂಟೆಯ ಬ್ಯಾಟರಿ 50 ಸಿ ಎಂದರೆ 250 ಆಂಪಿಯರ್ ಕೊಡಬಲ್ಲದು ಎಂದು ತಯಾರಕರ ಮಾತು. ಅದನ್ನು ಪೂರ್ತಿ ನಂಬಿ ಅಂಚಿಗೆ ಹೋಗದೆ ಅರ್ಧದಷ್ಟಕ್ಕೆ ಯೋಜಿಸಿದರೆ ಬ್ಯಾಟರಿಯ ಆಯುಸ್ಸು ಉಳಿಯುತ್ತದೆ. ಸರಣಿಯಲ್ಲಿ ಕೂರುವ ಎರಡು ಬ್ಯಾಟರಿಗಳು ಒಂದೇ ಸಾಮರ್ಥ್ಯದವು, ಒಂದೇ ವಯಸ್ಸಿನವು, ಸಮನಾಗಿ ಚಾರ್ಜ್ ಆದವು ಆಗಿರಬೇಕು. ಇಲ್ಲವಾದರೆ ದುರ್ಬಲವಾದದ್ದು ಮೊದಲು ಬರಿದಾಗಿ ಹಾಳಾಗುತ್ತದೆ.

ವೇಗ ನಿಯಂತ್ರಕ, ತಂತಿ ಮತ್ತು ತಂಪು ನೀರು

ಇಎಸ್‌ಸಿ ಎಂದು ಕರೆಯುವ ವೇಗ ನಿಯಂತ್ರಕ ಬ್ಯಾಟರಿಯ ನೇರ ವಿದ್ಯುತ್ತನ್ನು ಬ್ರಷ್‌ಲೆಸ್ ಮೋಟರಿಗೆ ಬೇಕಾದ ಮೂರು ಹಂತದ ವಿದ್ಯುತ್ತಾಗಿ ಕತ್ತರಿಸಿ ಕೊಡುತ್ತದೆ. ಅದರ ವೋಲ್ಟೇಜ್ ಮಿತಿಯನ್ನು ತುಂಬಿದ ಬ್ಯಾಟರಿಯ ಲೆಕ್ಕದಲ್ಲಿ ನೋಡಬೇಕು. 8 ಎಸ್ ಎಂದರೆ 33.6 ವೋಲ್ಟ್. 135 ಆಂಪಿಯರ್ ಗರಿಷ್ಠದ ದೋಣಿಗೆ 200 ಆಂಪಿಯರ್‌ನದು ನೆಮ್ಮದಿಯ ಆಯ್ಕೆ.

ತಂತಿ ಉದ್ದವಾಗಬೇಕಾದಾಗ ಬ್ಯಾಟರಿಯ ಕಡೆ ಉದ್ದ ಮಾಡಬಾರದು. ನಿಯಂತ್ರಕ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುವಾಗ ಉದ್ದನೆಯ ಬ್ಯಾಟರಿ ತಂತಿಯಲ್ಲಿ ವೋಲ್ಟೇಜ್ ಜಿಗಿದಾಡುತ್ತದೆ, ಆ ಏಟನ್ನು ತಿನ್ನುವುದು ನಿಯಂತ್ರಕದ ಕೆಪಾಸಿಟರ್‌ಗಳು. ಮೋಟರಿನ ಕಡೆಯ ಮೂರು ತಂತಿ ಉದ್ದವಾದರೆ ಅಷ್ಟು ತೊಂದರೆಯಿಲ್ಲ. ಕ್ಯಾಟಮರಾನ್‌ನಲ್ಲಿ ಬ್ಯಾಟರಿಗಳು ಎರಡು ಒಡಲುಗಳಲ್ಲಿ ದೂರದೂರ ಕೂರುವುದರಿಂದ ಈ ಮಾತನ್ನು ಒಳವಿನ್ಯಾಸ ಬರೆಯುವಾಗಲೇ ನೆನಪಿಡಬೇಕು.

ಹೆಚ್ಚು ವೋಲ್ಟೇಜಿನ ನಿಯಂತ್ರಕಗಳಲ್ಲಿ ರೇಡಿಯೋ ಸಂಕೇತ ಹಿಡಿಯುವ ರಿಸೀವರ್ ಮತ್ತು ಚುಕ್ಕಾಣಿ ತಿರುಗಿಸುವ ಸರ್ವೋಗಳಿಗೆ ವಿದ್ಯುತ್ ಕೊಡುವ ಭಾಗ ಹಲವು ಬಾರಿ ಇರುವುದಿಲ್ಲ. ಹಾಗಿದ್ದರೆ ಅವಕ್ಕೆ ಪ್ರತ್ಯೇಕ ಸಣ್ಣ ಬ್ಯಾಟರಿ ಬೇಕು. ಮೋಟರ್ ಮತ್ತು ನಿಯಂತ್ರಕ ಎರಡಕ್ಕೂ ನೀರಿನ ತಂಪು ಬೇಕು, ಎರಡಕ್ಕೂ ಬೇರೆ ಬೇರೆ ಕೊಳವೆಯಾದರೆ ಉತ್ತಮ. ನೀರು ಹೊರಬೀಳುವ ರಂಧ್ರವನ್ನು ದಡದಿಂದ ಕಾಣುವ ಬದಿಯಲ್ಲಿ ಇಡಿ. ಆ ಧಾರೆ ನಿಂತಿತೆಂದರೆ ಕೊಳವೆಯಲ್ಲಿ ಕಸ ಸಿಕ್ಕಿದೆ ಎಂದು ತಕ್ಷಣ ತಿಳಿಯುತ್ತದೆ.

ಒಂದು ಮೋಟರೋ ಎರಡೋ

ಎರಡು ಮೋಟರ್, ಎರಡು ಪ್ರೊಪೆಲ್ಲರ್ ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ದೋಣಿಯನ್ನು ಒಂದು ಬದಿಗೆ ವಾಲಿಸುವ ತಿರುಚು ಬಲಗಳು ಒಂದನ್ನೊಂದು ರದ್ದು ಮಾಡುತ್ತವೆ. ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಶಾಫ್ಟ್, ನಿಯಂತ್ರಕ, ತಂಪು ಕೊಳವೆ ಎಲ್ಲವೂ ಎರಡೆರಡು, ಎರಡೂ ಬದಿ ಹೊಂದಿಕೊಂಡು ನಡೆಯಬೇಕು. ಮೊದಲ ಬಾರಿ ಕಟ್ಟುವವರಿಗೆ ಒಂದೇ ಮೋಟರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಲುವಿಕೆಯನ್ನು ಹಿಂಭಾಗದ ಟ್ರಿಮ್ ಪಟ್ಟಿಗಳಿಂದ, ಅಂದರೆ ಓರೆ ಬದಲಿಸಬಹುದಾದ ಸಣ್ಣ ತಟ್ಟೆಗಳಿಂದ, ಸರಿದೂಗಿಸಬಹುದು.

ಶಾಫ್ಟ್ ಬಿಗಿಯುವಾಗ ಬಿಡಬೇಕಾದ ಸಂದು

ಮೋಟರ್ ಒಡಲಿನೊಳಗೆ ಮೇಲಿರುತ್ತದೆ, ಪ್ರೊಪೆಲ್ಲರ್ ಹಿಂದೆ ಕೆಳಗೆ. ನಡುವಿನ ಬಾಗನ್ನು ದಾಟಿಸುವುದು ಉಕ್ಕಿನ ಎಳೆಗಳನ್ನು ಹೆಣೆದ ಫ್ಲೆಕ್ಸ್ ಶಾಫ್ಟ್. ಈ ಗಾತ್ರದ ದೋಣಿಗಳಲ್ಲಿ 4.76 ಅಥವಾ 6.35 ಮಿಲಿಮೀಟರ್ ದಪ್ಪದ್ದು ಬಳಕೆಯಲ್ಲಿದೆ. ಅದು ಹಿತ್ತಾಳೆ ಕೊಳವೆಯೊಳಗೆ ಗ್ರೀಸ್ ಹಚ್ಚಿಕೊಂಡು, ಹಲವು ಬಾರಿ ಟೆಫ್ಲಾನ್ ಒಳಪದರದಲ್ಲಿ, ತಿರುಗುತ್ತದೆ. ಎಳೆಗಳ ಹೆಣಿಗೆಗೆ ದಿಕ್ಕಿದೆ. ಮೋಟರ್ ತಿರುಗುವಾಗ ಹೆಣಿಗೆ ಬಿಗಿಯಬೇಕು, ತಪ್ಪಿದರೆ ಬಿಚ್ಚಿಕೊಳ್ಳುತ್ತದೆ.

ಹೊರೆ ಬಿದ್ದು ಬಿಗಿದಾಗ ಶಾಫ್ಟ್ ಸ್ವಲ್ಪ ಗಿಡ್ಡವಾಗುತ್ತದೆ. ಅದಕ್ಕಾಗಿ ಹಿಂಬದಿಯಲ್ಲಿ ಶಾಫ್ಟನ್ನು ಹಿಡಿಯುವ ಸ್ಟ್ರಟ್ ಮತ್ತು ಪ್ರೊಪೆಲ್ಲರನ್ನು ತಿರುಗಿಸುವ ಡ್ರೈವ್ ಡಾಗ್ ಎಂಬ ಹಲ್ಲಿನ ತುಣುಕಿನ ನಡುವೆ ಕೆಲವು ಮಿಲಿಮೀಟರ್ ಸಂದು ಬಿಟ್ಟು ಮೋಟರಿಗೆ ಶಾಫ್ಟನ್ನು ಜೋಡಿಸುವ ಕಪ್ಲರ್ ಬಿಗಿಯಬೇಕು. ಕೈಯಲ್ಲಿ ಹಿಡಿದು ನೋಡಿದಾಗ ಆ ಸಂದು ಜೋಡಣೆಯ ತಪ್ಪಿನಂತೆಯೇ ಕಾಣುತ್ತದೆ. ಅಂದವಾಗಿರಲಿ ಎಂದು ಅದನ್ನು ಮುಚ್ಚಿದರೆ ಪೂರ್ಣ ವೇಗದಲ್ಲಿ ಡ್ರೈವ್ ಡಾಗ್ ಸ್ಟ್ರಟ್ಟಿಗೆ ಉಜ್ಜಿ, ಪ್ರವಾಹ ಏರಿ, ಮೋಟರ್ ಬಿಸಿಯಾಗುತ್ತದೆ. ಪ್ರತಿ ಬಾರಿ ನೀರಿಗೆ ಹೋಗಿ ಬಂದ ಮೇಲೆ ಶಾಫ್ಟನ್ನು ಹೊರಗೆಳೆದು ಒರೆಸಿ ಹೊಸ ಗ್ರೀಸ್ ಹಚ್ಚಬೇಕಾದ್ದರಿಂದ, ಕಪ್ಲರ್ ತಿರುಪಿಗೆ ಸ್ಪ್ಯಾನರ್ ಸುಲಭವಾಗಿ ತಲುಪುವ ಜಾಗವನ್ನೂ ನಕ್ಷೆಯಲ್ಲಿ ಬಿಡಿ.

ಸ್ಟ್ರಟ್ಟನ್ನು ಆರಂಭದಲ್ಲಿ ಒಡಲಿನ ತಳಕ್ಕೆ ಸಮಾಂತರವಾಗಿ, ಶಾಫ್ಟಿನ ನಡುಗೆರೆ ತಳದ ಮಟ್ಟಕ್ಕೆ ಬರುವಂತೆ ಕೂರಿಸುತ್ತಾರೆ. ಶಾಫ್ಟಿನ ಹಿಂತುದಿಯನ್ನು ಕೆಳಕ್ಕೆ ಓರೆ ಮಾಡಿದರೆ ತಳ್ಳುವ ಬಲದಲ್ಲಿ ಒಂದಂಶ ಹಿಂಭಾಗವನ್ನು ಎತ್ತುತ್ತದೆ, ಮೂತಿ ಕೆಳಗಿಳಿಯುತ್ತದೆ. ಮೇಲಕ್ಕೆ ಓರೆ ಮಾಡಿದರೆ ಇದರ ವಿರುದ್ಧ. ಹೊಂದಿಸಲು ಬರುವ ಸ್ಟ್ರಟ್ಟೇ ಬೇಕು ಎನ್ನುವುದು ಇದಕ್ಕಾಗಿ.

ತೂಕ ಎಲ್ಲಿ ಕೂರಬೇಕು

ಮೂತಿ ಏಳುವುದನ್ನು ತಡೆಯುವ ಮೊದಲ ಉಪಾಯ ಗುರುತ್ವ ಕೇಂದ್ರ. ಕ್ಯಾಟಮರಾನ್‌ಗಳಲ್ಲಿ ಅದನ್ನು ಹಿಂಬದಿಯ ಗೋಡೆಯಿಂದ ಉದ್ದದ ಸುಮಾರು ಶೇಕಡ 30ರಷ್ಟು ಮುಂದೆ ಇಟ್ಟು ಶುರುಮಾಡುವುದು ರೂಢಿ. ಒಂದು ಮೀಟರ್ ಒಡಲಿಗೆ 300 ಮಿಲಿಮೀಟರ್. ಕೇಂದ್ರ ಹಿಂದೆ ಸರಿದಷ್ಟೂ ದೋಣಿ ಹಗುರವಾಗಿ, ವೇಗವಾಗಿ, ಅಷ್ಟೇ ಅಪಾಯಕರವಾಗಿ ಓಡುತ್ತದೆ. ಮುಂದೆ ಸರಿದರೆ ಮೂತಿ ನೀರಿಗೆ ಅಂಟುತ್ತದೆ, ತಿರುವಿನಲ್ಲಿ ಅಗೆಯಲೂಬಹುದು.

ಇದನ್ನು ತಿದ್ದಲು ಕೈಗೆ ಸಿಗುವ ತೂಕ ಬ್ಯಾಟರಿಯೊಂದೇ. ಒಟ್ಟು 1.1 ಕಿಲೋದ ಎರಡು ಬ್ಯಾಟರಿಗಳನ್ನು 50 ಮಿಲಿಮೀಟರ್ ಮುಂದೆ ಸರಿಸಿದರೆ ಐದು ಕಿಲೋ ದೋಣಿಯ ಕೇಂದ್ರ ಸರಿಯುವುದು 11 ಮಿಲಿಮೀಟರ್. ಆದ್ದರಿಂದ ಬ್ಯಾಟರಿಯ ತಟ್ಟೆಗಳು ಹಿಂದೆ ಮುಂದೆ ಸರಿಸಲು ಸಾಕಷ್ಟು ಉದ್ದವಿರಲಿ. ಮೋಟರಿನ ಜಾಗವನ್ನು ಅಂಟಿಸಿ ಖಾಯಂ ಮಾಡುವ ಮೊದಲು ಎಲ್ಲ ಸಾಮಾನನ್ನೂ ಬರಿಯ ಒಡಲಿನಲ್ಲಿ ಇಟ್ಟು, ಒಂದು ಕೋಲಿನ ಮೇಲೆ ಅಡ್ಡಲಾಗಿ ತೂಗಿ ನೋಡಿ.

ರೇಡಿಯೋ ಮತ್ತು ತೇಲುವಿಕೆ

2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರುತ್ತದೆ, ಕಾರ್ಬನ್ ನಾರು ತಡೆಯುತ್ತದೆ. ಹೀಗಾಗಿ ಆಂಟೆನಾ ಕೊಳವೆಯಲ್ಲಿ ಮೇಲ್ಮೈಯಿಂದ ಎತ್ತರಕ್ಕೆ ಬರಬೇಕು. ಸಂಪರ್ಕ ಕಡಿದಾಗ ಮೋಟರ್ ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರೊಪೆಲ್ಲರ್ ಕಳಚಿಟ್ಟು ಮನೆಯಲ್ಲೇ ಪರೀಕ್ಷಿಸಬೇಕು. ಹರಿತ ಮಾಡಿದ ಪ್ರೊಪೆಲ್ಲರ್ ಬೆರಳನ್ನು ಕತ್ತರಿಸಬಲ್ಲದು. ಮೇಜಿನ ಮೇಲೆ ಅದು ಶಾಫ್ಟಿನಲ್ಲಿ ಇರಲೇಬಾರದು.

ಒಡಲು ನೀರು ತುಂಬಿದರೂ ದೋಣಿ ಮುಳುಗಬಾರದು. ಒಡಲುಗಳ ಮೂತಿಗಳಲ್ಲಿ ಮತ್ತು ಖಾಲಿ ಮೂಲೆಗಳಲ್ಲಿ ಮುಚ್ಚಿದ ಕೋಶದ ಫೋಮ್ ತುಂಬಿಸಿ. ಎಷ್ಟು ಬೇಕೆಂದು ಲೆಕ್ಕ ಹಾಕಲು ಸುಲಭದ ದಾರಿಯಿದೆ: ಒಂದು ಲೀಟರ್ ಫೋಮ್ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ. ಐದು ಕಿಲೋ ದೋಣಿಗೆ ಐದು ಲೀಟರ್ ಇದ್ದರೆ ಖಂಡಿತ ತೇಲುತ್ತದೆ.

ಮೊದಲ ಓಟ

ಮೊದಲ ಓಟಕ್ಕೆ ಲೆಕ್ಕ ಹೇಳಿದ್ದಕ್ಕಿಂತ ಸಣ್ಣ ಪ್ರೊಪೆಲ್ಲರ್ ಹಾಕಿ. 42 ಮಿಲಿಮೀಟರ್ ಸಾಕು. ಹೊಸ ಲೋಹದ ಪ್ರೊಪೆಲ್ಲರ್‌ಗಳಲ್ಲಿ ಹಲವು ಒರಟಾಗಿಯೇ ಬರುತ್ತವೆ, ಅಂಚು ಹರಿತ ಮಾಡಿ ತೂಕ ಸಮ ಮಾಡದೆ ಬಳಸಿದರೆ ನಡುಕ ಬೇರಿಂಗ್‌ಗಳನ್ನು ತಿನ್ನುತ್ತದೆ. ಒಂದು ನಿಮಿಷ ಓಡಿಸಿ ದಡಕ್ಕೆ ತನ್ನಿ. ಮುಚ್ಚಳ ತೆರೆದು ಮೋಟರ್, ನಿಯಂತ್ರಕ, ಕನೆಕ್ಟರ್, ಬ್ಯಾಟರಿ ಒಂದೊಂದರ ಉಷ್ಣತೆಯನ್ನೂ ಅತಿಗೆಂಪು ಥರ್ಮಾಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತವೆ, ಲಿಪೋ 60 ಡಿಗ್ರಿಗೆ ಹೋಗಲೇಬಾರದು. ಕನೆಕ್ಟರ್ ಒಂದೇ ಬಿಸಿಯಾಗಿದ್ದರೆ ಬೆಸುಗೆ ಸರಿಯಿಲ್ಲ. ಎಲ್ಲವೂ ಬಿಸಿಯಾಗಿದ್ದರೆ ಪ್ರೊಪೆಲ್ಲರ್ ದೊಡ್ಡದಾಯಿತು, ಅಥವಾ ಶಾಫ್ಟ್ ಎಲ್ಲೋ ಉಜ್ಜುತ್ತಿದೆ.

ಮನೆಗೆ ಬಂದು ಚಾರ್ಜ್ ಮಾಡುವಾಗ ಬ್ಯಾಟರಿಗೆ ಎಷ್ಟು ಮಿಲಿಆಂಪಿಯರ್-ಗಂಟೆ ವಾಪಸು ಹೋಯಿತೆಂದು ಚಾರ್ಜರ್ ತೋರಿಸುತ್ತದೆ. ಒಂದು ನಿಮಿಷದ ಓಟಕ್ಕೆ 1,200 ಹೋಗಿದ್ದರೆ ಸರಾಸರಿ ಪ್ರವಾಹ 72 ಆಂಪಿಯರ್, 4,000 ಖರ್ಚಾಗಲು ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಮುಂದಿನ ಓಟಕ್ಕೆ ಟ್ರಾನ್ಸ್‌ಮಿಟರಿನ ಟೈಮರನ್ನು ಮೂರು ನಿಮಿಷಕ್ಕೆ ಇಡಿ. ಮುಂದಿನ ಓಟ ಯಾವಾಗಲೋ ಎಂದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಕೋಶಕ್ಕೆ 3.8 ವೋಲ್ಟಿಗೆ ನಿಲ್ಲಿಸಿ ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಎತ್ತಿಡಿ.